ಮೂವತ್ತೆರಡು ಗುಂಟೆಯ ರೈತ ಮಹಿಳೆ

ಸರ್ಕಾರದ ಲೆಕ್ಕದಲ್ಲಿ ನಾನೊಬ್ಬ ಅತಿ ಸಣ್ಣ ರೈತ ಮಹಿಳೆ. ಅದಕ್ಕೆ ನನ್ನ ಹತ್ತಿರ ಪ್ರಮಾಣಪತ್ರವೂ ಇದೆ. ನಾಡಕಚೇರಿಯದ್ದು. ಹರಿಯಬಾರದೆಂದು ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದೇನೆ. ಸರ್ಜಾಪುರದಿಂದ ಸ್ವಲ್ಪ ಈಚೆಗೆ, ಒಂದು ಪಕ್ಕ ಅಪಾರ್ಟ್‌ಮೆಂಟಿನ ಕಾಂಪೌಂಡು, ಇನ್ನೊಂದು ಪಕ್ಕ ಬಣ್ಣದ ಬಾವುಟ ನೆಟ್ಟ ಲೇಔಟು, ನಡುವೆ ಸಿಕ್ಕಿಕೊಂಡಿರುವುದು ನನ್ನ ಮೂವತ್ತೆರಡು ಗುಂಟೆ. ಎಕರೆಗೆ ಎಂಟು ಗುಂಟೆ ಕಮ್ಮಿ. ಆ ಮಣ್ಣಿನಲ್ಲಿ ನಾನು ಕೊನೆಯ ಸಲ ಕಳೆ ಕಿತ್ತದ್ದು ಹೈಸ್ಕೂಲಿನಲ್ಲಿದ್ದಾಗ. ಆಮೇಲೆ ಮದುವೆಯಾಯಿತು, ಬೆಳ್ಳಂದೂರಿನಲ್ಲಿ ಸಂಸಾರವಾಯಿತು, ಗಂಡ ತೀರಿಕೊಂಡರು, ತವರಿಗೆ ವಾಪಸು ಬಂದೆ. ಅಪ್ಪ ಸಾಯುವ ಮುಂಚೆ ನನ್ನ ಪಾಲಿಗೆಂದು ಈ ಜಮೀನನ್ನೂ ರಸ್ತೆ ಬದಿಯ ಒಂದು ಸೈಟನ್ನೂ ಬರೆದುಕೊಟ್ಟರು. ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸಿ ಹೆಣ್ಣುಮಕ್ಕಳ ಪೀಜಿ ನಡೆಸುತ್ತಿದ್ದೇನೆ. ಗೀಸರು ಕೆಟ್ಟಿದೆ, ಇಡ್ಲಿ ಗಟ್ಟಿಯಾಗಿದೆ, ವೈಫೈ ಬರುತ್ತಿಲ್ಲ ಎಂಬ ದೂರುಗಳನ್ನು ಕೇಳುವುದರಲ್ಲೇ ನನ್ನ ದಿನ ಮುಗಿಯುತ್ತದೆ. ಆದರೂ ಪಹಣಿಯಲ್ಲಿ ನನ್ನ ಹೆಸರಿದೆಯಾದ್ದರಿಂದ ನಾನು ರೈತ ಮಹಿಳೆ.

ಮೊನ್ನೆ ಬಾಡಿಗೆ ರಸೀದಿ ಹುಡುಕುತ್ತಿದ್ದಾಗ ಆ ಪ್ರಮಾಣಪತ್ರ ಫೈಲಿನಿಂದ ಜಾರಿ ಬಿತ್ತು. ಎದುರಿಗೆ ನಿಂತಿದ್ದ ಪೀಜಿಯ ಹುಡುಗಿ ಎತ್ತಿಕೊಟ್ಟು, "ಆಂಟಿ, ನೀವು ಫಾರ್ಮರಾ? ಗೊತ್ತೇ ಇರ್ಲಿಲ್ಲ, ಗ್ರೇಟ್" ಎಂದಳು. ರೂಮಿನಲ್ಲಿ ಕದ್ದುಮುಚ್ಚಿ ಎಲೆಕ್ಟ್ರಿಕ್ ಸ್ಟೌ ಇಟ್ಟುಕೊಂಡದ್ದಕ್ಕೆ ಅವಳನ್ನು ಗದರಿಸಿ ಕಳಿಸಿದೆ. ಮಾತು ಬದಲಿಸಬೇಕಾದಾಗ ಸಿಟ್ಟು ಮಾಡಿಕೊಳ್ಳುವುದು ನನ್ನ ಹಳೆಯ ಚಾಳಿ. ಅವಳು ಹೋದ ಮೇಲೆ ಕಾಗದವನ್ನು ಮತ್ತೆ ಫೈಲಿಗೆ ಸೇರಿಸಿದೆ. ಮೈಯೆಲ್ಲ ಹಿಡಿಯಾಗುವಷ್ಟು ನಾಚಿಕೆಯಾಯಿತು. ಹೇಳಿಕೊಂಡರೆ ಹೋಗುವಂಥ ನಾಚಿಕೆಯಲ್ಲ ಎಂದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ.

ಆ ಮೂವತ್ತೆರಡು ಗುಂಟೆಯಲ್ಲಿ ನಿಜವಾಗಿ ಬೇಸಾಯ ಮಾಡುತ್ತಿದ್ದವಳು ಮಾಲೂರು ಕಡೆಯಿಂದ ಬಂದ ಒಬ್ಬ ಹೆಂಗಸು. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವಳು. ಗಂಡ ಪಕ್ಕದ ಅಪಾರ್ಟ್‌ಮೆಂಟಿನಲ್ಲೇ ಸೆಕ್ಯೂರಿಟಿ, ಒಬ್ಬಳೇ ಮಗಳು. ಅವಳಿಗೆ ಸೊಪ್ಪು ಬೆಳೆಯುವುದು ಗೊತ್ತಿತ್ತು. ದಂಟು, ಮೆಂತ್ಯ, ಪಾಲಕ್, ಕೊತ್ತಂಬರಿ, ಸಬ್ಬಸಿಗೆ, ಒಂದೊಂದಕ್ಕೂ ಒಂದೊಂದು ಪಾತಿ, ಒಂದು ಕೊಯ್ಲಿಗೆ ಬರುವಾಗ ಇನ್ನೊಂದು ಮೊಳಕೆಯೊಡೆಯುವಂತೆ ದಿನ ಹಿಡಿದು ಬಿತ್ತುತ್ತಿದ್ದಳು. ಬೆಳಗಿನ ಜಾವ ಕಿತ್ತು, ಬಾಳೆನಾರಿನಲ್ಲಿ ಕಟ್ಟು ಕಟ್ಟಿ, ಏಳು ಗಂಟೆಗೆಲ್ಲ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಗೋಣಿತಾಟು ಹಾಸಿ ಕೂರುತ್ತಿದ್ದಳು. ವಾಕಿಂಗ್ ಮುಗಿಸಿ ಬರುವವರು ಅವಳ ಸೊಪ್ಪನ್ನು ಮೂಸಿ ನೋಡಿ ಆರ್ಗ್ಯಾನಿಕ್ ತಾನೇ ಎಂದು ಕೇಳುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು. ಆ ಪದದ ಅರ್ಥ ಅವಳಿಗೆ ಯಾರೂ ಹೇಳಿರಲಿಲ್ಲ, ಆದರೆ ಸೊಪ್ಪು ಚೆನ್ನಾಗಿದ್ದದ್ದಂತೂ ನಿಜ.

ಜಮೀನನ್ನು ಅವಳಿಗೆ ಗುತ್ತಿಗೆಗೆ ಕೊಟ್ಟಿದ್ದೆ. ವರ್ಷಕ್ಕೊಂದು ಸಲ, ಯುಗಾದಿ ಮಾರನೆಯ ದಿನ, ಎಲೆ ಅಡಿಕೆ ಬಾಳೆಹಣ್ಣಿನ ಜೊತೆ ಗುತ್ತಿಗೆಯ ದುಡ್ಡು ತಂದು ನನ್ನ ಕೈಗಿಡುತ್ತಿದ್ದಳು. ನಾನು ಒಂದು ಎಲೆ, ಒಂದು ಅಡಿಕೆ ತೆಗೆದು ಅವಳ ಕೈಗೆ ವಾಪಸು ಕೊಡುತ್ತಿದ್ದೆ. ಅಲ್ಲಿಗೆ ಆ ವರ್ಷದ ಒಪ್ಪಂದ ಮುಗಿಯಿತು. ಕಾಗದವಿಲ್ಲ, ರಸೀದಿಯಿಲ್ಲ. ನಮ್ಮ ಕಡೆ ಗುತ್ತಿಗೆಗೆ ಕೊಡುವವರೆಲ್ಲ ಹೀಗೇ ಕೊಡುವುದು. ಕಾನೂನಿನಲ್ಲಿ ಹಾಗೆ ಕೊಡುವ ಹಾಗಿಲ್ಲವಂತೆ, ಹಾಗಾಗಿ ಕೊಟ್ಟೇ ಇಲ್ಲವೆನ್ನುವಂತೆ ಎಲ್ಲರೂ ಇರುತ್ತಾರೆ.

ಇದರ ಜೊತೆ ನಮ್ಮ ಮನೆಯದ್ದೇ ಒಂದು ಪದ್ಧತಿಯೂ ಇತ್ತು. ಹೊಸದಾಗಿ ಬಿತ್ತನೆ ಮಾಡುವಾಗ ಮೊದಲನೆಯ ಹಿಡಿ ಬೀಜವನ್ನು ಜಮೀನಿನ ಯಜಮಾನರೇ ಹಾಕಬೇಕು. ವರ್ಷಕ್ಕೆ ಎರಡು ಸಲವಾದರೂ ನಾನು ಹೋಗಿ, ಸೀರೆ ಎತ್ತಿ ಕಟ್ಟಿಕೊಂಡು, ಅವಳು ಹದ ಮಾಡಿಟ್ಟ ಪಾತಿಗೆ ಒಂದು ಹಿಡಿ ದಂಟಿನ ಬೀಜ ಉದುರಿಸುತ್ತಿದ್ದೆ. ನನ್ನ ತಮ್ಮ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದ. ಅವಳು ಇದನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು. ಅಮ್ಮನ ಕೈಗುಣ, ಅದಕ್ಕೇ ಇಷ್ಟು ಚೆನ್ನಾಗಿ ಬರ್ತದೆ ಎಂದು ಗೇಟಿನ ಹತ್ತಿರ ಸೊಪ್ಪು ಕೊಳ್ಳುವವರಿಗೂ ಹೇಳುತ್ತಿದ್ದಳಂತೆ. ನಮ್ಮಲ್ಲಿ ಅದಕ್ಕಿದ್ದ ಕಾರಣವೇ ಬೇರೆ. ನಾಳೆ ಯಾರಾದರೂ ಈ ಜಮೀನು ನಾನು ಮಾಡುತ್ತಿದ್ದೆ ಎಂದು ತಕರಾರು ತೆಗೆದರೆ, ಬಿತ್ತಿದವರು ನಾವೇ ಎಂದು ತೋರಿಸಲು ಫೋಟೊ ಇರಲಿ ಎಂದು. ತಮ್ಮ ಫೋಟೊ ತೆಗೆಯುವಾಗ ಅವಳನ್ನು ಬದುವಿನಾಚೆ ನಿಲ್ಲಿಸುತ್ತಿದ್ದ. ಅವಳು ಸೆರಗು ಸರಿಮಾಡಿಕೊಂಡು, ಕೈಮುಗಿದು ನಿಂತಿರುತ್ತಿದ್ದಳು. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬೀಜ ಚೆಲ್ಲುವಾಗ ಮುಖದಲ್ಲಿ ಒಂದಿಷ್ಟು ಭಕ್ತಿ ತಂದುಕೊಳ್ಳುತ್ತಿದ್ದೆ.

ನನ್ನ ತಮ್ಮನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಎಲ್ಲ ತಪ್ಪನ್ನೂ ಅವನ ತಲೆಗೆ ಕಟ್ಟಿದ ಹಾಗಾಗುತ್ತದೆ. ಅವನು ಸೈಟು ಕೊಡಿಸುವುದು, ಖಾತೆ ಮಾಡಿಸುವುದು, ಇಂಥ ಕೆಲಸಗಳಲ್ಲಿ ಪಳಗಿದವನು. ನನ್ನ ಪಹಣಿ, ಕಂದಾಯ, ಪ್ರಮಾಣಪತ್ರ ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಪ್ರತಿ ಹಂಗಾಮಿನಲ್ಲೂ ಯಾವ ಜಮೀನಿನಲ್ಲಿ ಏನು ಬೆಳೆ ಇದೆ ಎಂದು ಸರ್ಕಾರದ ಆ್ಯಪಿನಲ್ಲಿ ದಾಖಲಿಸಬೇಕಲ್ಲ, ಅದನ್ನೂ ಅವನೇ ಮಾಡಿಸುತ್ತಿದ್ದ. ಏನು ಹಾಕಿಸುತ್ತಾನೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಕೇಳದೆ ಇರುವುದು ನನಗೆ ಅನುಕೂಲವಾಗಿತ್ತು.

ಅವಳು ಬಂದು ಆರು ವರ್ಷವಾಗಿತ್ತು. ಆರನೆಯ ವರ್ಷದ ಏಪ್ರಿಲ್‌ನಲ್ಲಿ, ಯುಗಾದಿ ಮುಗಿದು ಕೆಲವೇ ದಿನಗಳಲ್ಲಿ, ಒಂದು ಮಧ್ಯಾಹ್ನ ಆಲಿಕಲ್ಲು ಮಳೆ ಬಂತು. ಪೀಜಿಯ ಹುಡುಗಿಯರೆಲ್ಲ ಬಾಲ್ಕನಿಗೆ ಓಡಿ ಬಂದು ವಿಡಿಯೊ ಮಾಡಿದರು. ಒಬ್ಬಳು ಟಿಫಿನ್ ಡಬ್ಬಿಯಲ್ಲಿ ಆಲಿಕಲ್ಲು ತುಂಬಿಸಿಕೊಂಡು ಫ್ರಿಜ್ಜಿನಲ್ಲಿಟ್ಟಳು. ನಾನೂ ಒಂದು ಬಾಯಿಗೆ ಹಾಕಿಕೊಂಡು ಚೀಪಿದೆ. ಸಂಜೆ ಜಮೀನಿನ ಕಡೆ ಹೋದೆ. ಕೊಯ್ಲಿಗೆ ಬಂದಿದ್ದ ಪಾಲಕ್ ಎಲೆಯೆಲ್ಲ ತೂತಾಗಿ ನೆಲಕ್ಕೆ ಅಂಟಿಕೊಂಡಿತ್ತು. ದಂಟಿನ ಕಾಂಡಗಳು ಮುರಿದು ನೇತಾಡುತ್ತಿದ್ದವು. ಕೊತ್ತಂಬರಿ ಪಾತಿಯಲ್ಲಿ ಹಸಿರು ನೀರು ನಿಂತಿತ್ತು, ಜಮೀನಿನ ತುಂಬ ಅದರದ್ದೇ ಘಮ. ಅವಳು ಪಾತಿಯ ನಡುವೆ ಕೂತು, ಅರ್ಧಂಬರ್ಧ ಉಳಿದದ್ದನ್ನು ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅಳುತ್ತಿರಲಿಲ್ಲ. ಆರಿಸುವುದನ್ನು ನಿಲ್ಲಿಸಲೂ ಇಲ್ಲ.

ನಾಲ್ಕು ದಿನ ಬಿಟ್ಟು ಅವಳು ಪೀಜಿಗೆ ಬಂದಳು. ಒಳಗೆ ಬಾ ಎಂದರೂ ಬಾಗಿಲ ಹತ್ತಿರವೇ ನಿಂತಳು. ನಾಡಕಚೇರಿಯಲ್ಲಿ ವಿಚಾರಿಸಿಕೊಂಡು ಬಂದಿದ್ದಳು. ಬೆಳೆ ಹಾಳಾದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ, ಆದರೆ ಪಹಣಿಯಲ್ಲಿ ಹೆಸರಿರುವವರಿಗೆ ಮಾತ್ರ. ಬೇರೆಯವರ ಜಮೀನಾದರೆ, ಇಂಥವರು ಇಷ್ಟು ವರ್ಷದಿಂದ ಇಲ್ಲಿ ಬೆಳೆ ಮಾಡುತ್ತಿದ್ದಾರೆ ಎಂದು ಯಜಮಾನರು ಬರೆದುಕೊಟ್ಟರೆ, ಆ ಕಾಗದವನ್ನು ಮೇಲಕ್ಕೆ ಕಳಿಸಿ ನೋಡುತ್ತೇನೆ ಎಂದು ಅಲ್ಲಿನ ವಿಲೇಜ್ ಅಕೌಂಟೆಂಟ್ ಹೇಳಿದ್ದಳಂತೆ. ಮಗಳು ನರ್ಸಿಂಗ್ ಎರಡನೆಯ ವರ್ಷಕ್ಕೆ ಹೋಗಬೇಕಿತ್ತು. ಜೂನಿನಲ್ಲಿ ಫೀಸು ಕಟ್ಟಬೇಕು. ಆ ಸಲದ ಸೊಪ್ಪನ್ನೆಲ್ಲ ಅದಕ್ಕೆಂದೇ ನಂಬಿಕೊಂಡಿದ್ದಳು.

"ಒಂದ್ ಕಾಗ್ದ ಅಮ್ಮ, ಅಷ್ಟೇಯ. ನಾನು ಬೆಳೆ ಇಕ್ಕಿದ್ದು ನಿಮ್ಗೆ ಗೊತ್ತಲ್ವಾ. ನೀವು ಅಂಗಂತ ಬರ್ಕೊಟ್ರೆ ಸಾಕು."

ನನಗೆ ಥಟ್ಟನೆ ಭಯವಾಯಿತು. ಅವಳ ಮೇಲೆ ಅನುಮಾನವೇನೂ ಬರಲಿಲ್ಲ, ಹೆದರಿದ್ದು ಆ ಕಾಗದಕ್ಕೆ. ಆ ಮೂವತ್ತೆರಡು ಗುಂಟೆಗೆ ಈಗ ಏನು ಬೆಲೆ ಎಂದು ನನಗೂ ಗೊತ್ತು, ಲೇಔಟಿನವರಿಗೂ ಗೊತ್ತು. ನಾನು ಯೋಚಿಸಿ ಹೇಳುತ್ತೇನೆ ಎನ್ನಬಹುದಿತ್ತು. ಅದರ ಬದಲು, ಅದೆಲ್ಲ ರಾಮಾಯಣ ಕಣಮ್ಮ, ಕಾಗದ ಅಲ್ಲಿಂದಿಲ್ಲಿಗೆ ಓಡಾಡುವಷ್ಟರಲ್ಲಿ ವರ್ಷ ಕಳೆಯುತ್ತೆ, ನನ್ನ ಹೆಸರಿನಲ್ಲೇ ಅರ್ಜಿ ಹಾಕ್ತೀನಿ, ಬಂದದ್ದನ್ನು ಹಾಗೇ ನಿನ್ನ ಕೈಗೆ ಕೊಡ್ತೀನಿ ಎಂದೆ. ಹೇಳುವಾಗ ನನ್ನ ದನಿಯಲ್ಲಿ ಉಪಕಾರ ಮಾಡುವವರ ಗತ್ತು ಬಂದುಬಿಟ್ಟಿತ್ತು. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ, ಅಂಗೂ ಆಯ್ತದೆ ಬಿಡಿ ಅಮ್ಮ ಎಂದು ಹೊರಟುಹೋದಳು.

ತಮ್ಮನಿಗೆ ಹೇಳಿದಾಗ ಅವನು ಕೂತಲ್ಲಿಂದ ಎದ್ದೇಬಿಟ್ಟ. "ಅಕ್ಕ, ಅಂಥ ಕಾಗದ ಮಾತ್ರ ಬರೀಬೇಡ. ನಮ್ಮಜ್ಜ ಈ ಜಮೀನು ಹೆಂಗ್ ತಗೊಂಡ ಅಂತ ಮರ್ತ್‌ಬಿಟ್ಯಾ?"

ಮರೆತಿರಲಿಲ್ಲ. ನಮ್ಮಜ್ಜನೂ ಬೇರೆಯವರ ಜಮೀನನ್ನು ಗೇಣಿಗೆ ಮಾಡುತ್ತಿದ್ದವನೇ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ತಾಲ್ಲೂಕು ಕಚೇರಿಗೆ ನಡೆದುಕೊಂಡು ಹೋಗಿ, ಇದನ್ನು ಉಳುವವನು ನಾನೇ ಎಂದು ಡಿಕ್ಲರೇಷನ್ ಹಾಕಿದ. ವರ್ಷಗಟ್ಟಲೆ ಅಲೆದ. ಕೊನೆಗೆ ಜಮೀನು ಅವನ ಹೆಸರಿಗಾಯಿತು. ನಾವು ಚಿಕ್ಕವರಿದ್ದಾಗ ಹಬ್ಬದ ಊಟಕ್ಕೆ ಕೂತರೆ ಅಜ್ಜ ಈ ಕಥೆ ಹೇಳದೆ ಎದ್ದದ್ದೇ ಇಲ್ಲ. ನಾನು ಸ್ಕೂಲಿನಲ್ಲಿ ಇದನ್ನೇ ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡಿದ್ದೇನೆ. ಅಂಥ ಅಜ್ಜನ ಮೊಮ್ಮಕ್ಕಳಾದ ನಾವಿಬ್ಬರೂ ಪೀಜಿಯ ಆಫೀಸ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಉಳುವವಳ ಕೈಗೆ ಒಂದು ಚೂರು ಕಾಗದವೂ ಸಿಗದ ಹಾಗೆ ಏನು ಮಾಡಬೇಕೆಂದು ಮಾತಾಡಿದೆವು.

ಅರ್ಜಿ ಹಾಕಿದೆ. ಒಂದು ವಾರಕ್ಕೆ ವಿಲೇಜ್ ಅಕೌಂಟೆಂಟ್ ಸ್ಥಳ ನೋಡಲು ಸ್ಕೂಟರಿನಲ್ಲಿ ಬಂದಳು. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ಬಿಸಿಲಿಗೆ ಮುಖ ಕೆಂಪಾಗಿತ್ತು, ಕೆಲಸದಲ್ಲಿ ಚುರುಕು. ಜಮೀನಿನ ನಡುವೆ ನನ್ನನ್ನು ನಿಲ್ಲಿಸಿ, ಹಾಳಾದ ಬೆಳೆ ಕಾಣುವ ಹಾಗೆ ಫೋಟೊ ತೆಗೆದಳು. ನಾನು ಚಪ್ಪಲಿ ಬಿಟ್ಟು ಕೆಸರಿಗೆ ಇಳಿದಿದ್ದೆ. ಅವಳು, ಸೊಪ್ಪು ಬೆಳೆದವಳು, ಎಂದಿನಂತೆ ಬದುವಿನ ಮೇಲೆ ನಿಂತಿದ್ದಳು.

ಬಿತ್ತಿ ಎಷ್ಟು ದಿನ ಆಗಿತ್ತು ಎಂದು ಹುಡುಗಿ ಕೇಳಿದಳು. ನನಗೆ ಗೊತ್ತಿರಲಿಲ್ಲ. ತಿಂಗಳಾಗಿರಬಹುದು ಎಂದೆ. ಬದುವಿನ ಮೇಲಿಂದ, ಪಾಲಕ್‌ಗೆ ಇಪ್ಪತ್ತೆಂಟು, ಕೊತ್ತಂಬರಿಗೆ ಮೂವತ್ತಾರು ಎಂಬ ಉತ್ತರ ಬಂತು. ಬೀಜ ಎಲ್ಲಿಂದ ತಂದಿರಿ, ಗೊಬ್ಬರ ಏನು ಹಾಕಿದಿರಿ, ನೀರಿಗೆ ಏನು ಮಾಡುತ್ತೀರಿ ಎಂದು ಒಂದಾದ ಮೇಲೊಂದು ಕೇಳಿದಳು. ಎಲ್ಲದಕ್ಕೂ ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿಂದಲೇ ಉತ್ತರ ಬರುತ್ತಿತ್ತು. ನನ್ನ ಅರ್ಜಿ ಕೆಡಬಾರದೆಂದೇ ಅವಳು ಹೇಳಿಕೊಡುತ್ತಿದ್ದಳು. ಹುಡುಗಿ ಪೆನ್ನು ನಿಲ್ಲಿಸಿ ಅವಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಇವರು ಯಾರು ಮೇಡಂ?"

"ಕೂಲಿಯವಳು" ಎಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಯೋಚನೆ ಮಾಡಿ ಹೇಳಿದ್ದರೆ ಇನ್ನಾವುದಾದರೂ ಸುಳ್ಳು ಹೊಳೆಯುತ್ತಿತ್ತೇನೋ, ಪರಿಚಯದವಳು, ಪಕ್ಕದ ಮನೆಯವಳು, ಹೀಗೆ. ಆ ಪದ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಬದುವಿನ ಮೇಲೆ ನಿಂತು ಹೌದೆಂದು ತಲೆಯಾಡಿಸಿದಳು. ಅಷ್ಟೇ ಅಲ್ಲ, ನನ್ನ ಮಾತಿಗೆ ಬಲ ಬರಲೆಂದೋ ಏನೋ, ಅಮ್ಮ ಯೋಳ್ದಂಗೆ ಮಾಡ್ತೀನಿ ಮೇಡಂ ಎಂದೂ ಸೇರಿಸಿದಳು. ಆಮೇಲೆ ಹುಡುಗಿ ಏನು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಗೊಬ್ಬರದ ಲೆಕ್ಕ ನಾನೇ ತಪ್ಪು ತಪ್ಪಾಗಿ ಹೇಳಿದೆ.

ಜಮೀನು ನಮಗೆ ಬಂದ ಮೂಲ ದಾಖಲೆಯ ಜೆರಾಕ್ಸೂ ಬೇಕು ಎಂದು ಹುಡುಗಿ ಹೇಳಿ ಹೋಗಿದ್ದಳು. ಅಪ್ಪನ ಟ್ರಂಕು ತೆಗೆದೆ. ತಮ್ಮ ಊರಿನಲ್ಲಿರಲಿಲ್ಲ, ಹಾಗಾಗಿ ಮೊದಲ ಸಲ ನಾನೇ ಆ ಕಾಗದಗಳನ್ನು ಒಂದೊಂದಾಗಿ ಓದಿದೆ. ಅಜ್ಜನ ಕೇಸಿನ ಆದೇಶ ನಾಲ್ಕು ಹಾಳೆ, ಟೈಪ್ ಮಾಡಿದ್ದು, ಅಂಚುಗಳಲ್ಲಿ ಹುಳು ತಿಂದಿತ್ತು. ಅದರ ಎರಡನೆಯ ಹಾಳೆಯಲ್ಲಿ ಜಮೀನಿನ ಹಿಂದಿನ ಯಜಮಾನರ ಹೇಳಿಕೆ ಇತ್ತು. ಅರ್ಜಿದಾರನು ನಮ್ಮಲ್ಲಿ ಕೂಲಿ ಕೆಲಸ ಮಾಡಿಕೊಂಡಿದ್ದವನೇ ಹೊರತು ಗೇಣಿದಾರನಲ್ಲ ಎಂದು ಅವರು ಹೇಳಿದ್ದರು.

ಆ ಸಾಲನ್ನು ಇನ್ನೊಮ್ಮೆ ಓದಿದೆ. ಅಜ್ಜ ಕಥೆ ಹೇಳುವಾಗ ಈ ಮಾತನ್ನು ಯಾವತ್ತೂ ಹೇಳಿರಲಿಲ್ಲ. ಅಲೆದದ್ದು ಹೇಳುತ್ತಿದ್ದ, ಹಸಿದದ್ದು ಹೇಳುತ್ತಿದ್ದ, ಗೆದ್ದದ್ದು ಹೇಳುತ್ತಿದ್ದ. ತನ್ನೆದುರೇ ತನ್ನನ್ನು ಕೂಲಿಯಾಳು ಅಂದದ್ದನ್ನು ಮಾತ್ರ ಬಿಟ್ಟುಬಿಡುತ್ತಿದ್ದ. ಅವನಿಗೆ ಅದು ಎಷ್ಟು ಚುಚ್ಚಿರಬೇಕು ಎಂದು ನನಗೆ ಆ ದಿನ ತಿಳಿಯಿತು. ಅಜ್ಜನ ಜಮೀನಿನಲ್ಲಿ ನಿಂತು, ಅಜ್ಜನನ್ನು ಅಂದವರ ಮಾತನ್ನೇ ನಾನು ಅಂದಿದ್ದೆ. ಅವರಾದರೂ ಕೋರ್ಟಿನಂಥ ಜಾಗದಲ್ಲಿ, ಜಮೀನು ಕೈಬಿಟ್ಟು ಹೋಗುವ ಸಂಕಟದಲ್ಲಿ ಹೇಳಿದ್ದರು. ನನ್ನ ಕೈಯಿಂದ ಏನೂ ಹೋಗುತ್ತಿರಲಿಲ್ಲ.

ಅವತ್ತೇ ಬಿಳಿಯ ಹಾಳೆ ತೆಗೆದುಕೊಂಡು ಬರೆದೆ. ಇಂಥ ಸರ್ವೆ ನಂಬರಿನ ನನ್ನ ಜಮೀನಿನಲ್ಲಿ ಇವರು ಆರು ವರ್ಷಗಳಿಂದ ಸ್ವಂತ ಖರ್ಚಿನಲ್ಲಿ ಸೊಪ್ಪು ಬೆಳೆಯುತ್ತಿದ್ದಾರೆ, ಬೆಳೆ ನಷ್ಟವಾಗಿರುವುದು ಇವರಿಗೆ, ಪರಿಹಾರವನ್ನು ಇವರಿಗೇ ಕೊಡಬೇಕು ಎಂದು. ಸಹಿ ಹಾಕಿದೆ. ಓದಿ ನೋಡಿದರೆ ಚೆನ್ನಾಗಿತ್ತು. ನಾನು ಒಳ್ಳೆಯವಳು ಎಂದು ನನಗೇ ಅನಿಸಿತು. ಮಡಿಸಿ ಕೈಚೀಲದೊಳಗೆ ಇಟ್ಟುಕೊಂಡೆ. ಬೆಳಿಗ್ಗೆ ಕೊಟ್ಟುಬಿಡಬೇಕು ಎಂದುಕೊಂಡೆ. ಬೆಳಿಗ್ಗೆ ಅಡುಗೆಯವಳು ಬರಲಿಲ್ಲ, ಹುಡುಗಿಯರಿಗೆ ತಿಂಡಿಯಾಗಬೇಕಿತ್ತು. ಮಾರನೆಯ ದಿನ ಮೋಟರು ಸುಟ್ಟಿತು. ಪೀಜಿ ನಡೆಸುವವರಿಗೆ ನೆಪಗಳಿಗೆ ಬರವಿಲ್ಲ. ಕಾಗದ ಕೈಚೀಲದಲ್ಲೇ ಉಳಿಯಿತು.

ಹತ್ತು ದಿನವಾದ ಮೇಲೆ ನಾಡಕಚೇರಿಯಿಂದ ಫೋನು ಬಂತು. ಹೋದೆ. ಅದೇ ಹುಡುಗಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ನನ್ನ ಜಮೀನಿನ ಬೆಳೆ ದಾಖಲೆಯಲ್ಲಿ ಬೇಸಿಗೆ ಹಂಗಾಮಿಗೆ ಬೀಳು ಎಂದಿತ್ತು. ಬೆಳೆಯೇ ಇಲ್ಲ. ಆ ವರ್ಷ ಮಾತ್ರವಲ್ಲ, ಆರು ವರ್ಷವೂ ಮಳೆಗಾಲದಲ್ಲಿ ರಾಗಿ, ಉಳಿದಂತೆ ಬೀಳು. ದಿನ ದಿನ ಕಿತ್ತು ದಿನ ದಿನ ಬಿತ್ತುವ ಸೊಪ್ಪು ಎಂದು ತೋರಿಸಿದರೆ, ಯಾರೋ ಅಲ್ಲಿ ಕೂತು ಬೇಸಾಯ ಮಾಡುತ್ತಿದ್ದಾರೆ ಎಂದು ಯಾರಾದರೂ ಊಹಿಸಿಯಾರೆಂದು ನನ್ನ ತಮ್ಮ ಹಾಗೆ ಹಾಕಿಸುತ್ತಿದ್ದ. ಅವಳನ್ನು ಮುಚ್ಚಿಡಲು ಹೋಗಿ ಬೆಳೆಯನ್ನೇ ಅಳಿಸಿದ್ದ. ಸರ್ಕಾರದ ಪ್ರಕಾರ ಆಲಿಕಲ್ಲು ಬರಿಯ ಮಣ್ಣಿನ ಮೇಲೆ ಬಿದ್ದಿತ್ತು, ಯಾರಿಗೂ ಏನೂ ನಷ್ಟವಾಗಿರಲಿಲ್ಲ.

ಹುಡುಗಿ ದನಿ ತಗ್ಗಿಸಿ, ಸರಿಪಡಿಸಲು ದಾರಿ ಇದೆ ಎಂದಳು. ಅವಳು ಕಣ್ಣಾರೆ ಬೆಳೆ ನೋಡಿದ್ದಳು, ಫೋಟೊ ಇತ್ತು. "ಬೆಳೆ ಮಾಡಿದ್ದು ಯಾರು ಅಂತ ಒಂದು ಸ್ಟೇಟ್‌ಮೆಂಟ್ ಬರ್ಕೊಡಿ ಮೇಡಂ. ಅವತ್ತು ಬದು ಮೇಲಿದ್ರಲ್ಲ, ಅವರೇ ಅಂತಿದ್ರೆ ಅವರ ಹೆಸರೇ ಬರೀರಿ. ನಾಳೆ ಸಂಜೆವರೆಗೂ ಟೈಮಿದೆ, ನಾನು ತಿದ್ದಿಸಿ ಕಳಿಸ್ತೀನಿ."

ಆ ಹುಡುಗಿಗೆ ಎಲ್ಲ ಗೊತ್ತಾಗಿತ್ತು. ಅವತ್ತೇ ಗೊತ್ತಾಗಿತ್ತು. ನನಗೆ ಮುಖ ಉಳಿಸಿಕೊಳ್ಳಲು ಜಾಗ ಬಿಟ್ಟುಕೊಟ್ಟು, ಮೆತ್ತಗೆ ಕೇಳುತ್ತಿದ್ದಳು. ಬರೆದ ಕಾಗದ ನನ್ನ ಕೈಚೀಲದಲ್ಲೇ ಇತ್ತು. ತೆಗೆದು ಮೇಜಿನ ಮೇಲೆ ಇಟ್ಟರೆ ಮುಗಿಯುತ್ತಿತ್ತು. ಚೀಲದ ಜಿಪ್ ತೆಗೆದೆ ಕೂಡ. ಕೈ ಒಳಗೆ ಹಾಕಿ, ಕಾಗದದ ಮಡಿಕೆ ಬೆರಳಿಗೆ ತಗುಲಿದರೂ ಕರ್ಚೀಫು ತೆಗೆದು ಮುಖ ಒರೆಸಿಕೊಂಡೆ. ಏನು ಬಿಸಿಲಪ್ಪ ಎಂದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಎದ್ದು ಬಂದೆ. ಐವತ್ತಾರು ವರ್ಷದ ವಿಧವೆ, ಸ್ವಂತ ಕಟ್ಟಡದ ಒಡತಿ, ಮನೆಯಲ್ಲಿ ಕೇಳುವುದು ಯಾರನ್ನು? ಮಾರನೆಯ ದಿನ ಸಂಜೆಯವರೆಗೂ ಫೋನನ್ನು ಮುಖ ಕೆಳಗೆ ಮಾಡಿ ಇಟ್ಟಿದ್ದೆ.

ಅವಳಿಗೆ ನಾನು ಹೇಳಿದ್ದು ಇಷ್ಟೇ: ಸರ್ಕಾರದವರು ರಿಜೆಕ್ಟ್ ಮಾಡಿದರು ಕಣಮ್ಮ, ಏನೋ ದಾಖಲೆ ಸರಿಯಿಲ್ಲವಂತೆ. ಅವಳು ಸರ್ಕಾರವನ್ನು ಬೈಯಲಿಲ್ಲ, ನನ್ನನ್ನು ಏನೂ ಕೇಳಲಿಲ್ಲ. ಎಲ್ಲರ್ಗೂ ಕೊಡಕ್ಕಾಯ್ತದಾ ಬಿಡಿ ಎಂದಳು. ಮನಸ್ಸು ತಡೆಯದೆ ಆ ವರ್ಷದ ಗುತ್ತಿಗೆಯಲ್ಲಿ ಅರ್ಧ ವಾಪಸು ಕೊಟ್ಟೆ. ಅದನ್ನು ಅವಳು ಗೇಟಿನ ಹತ್ತಿರ ಸೊಪ್ಪು ಕೊಳ್ಳುವವರಿಗೆಲ್ಲ ಹೇಳಿದಳಂತೆ. ಎಂಥ ದೊಡ್ಡ ಮನಸ್ಸು ನಿಮ್ಮದು ಎಂದು ಅಪಾರ್ಟ್‌ಮೆಂಟಿನ ಹೆಂಗಸೊಬ್ಬರು ದಾರಿಯಲ್ಲಿ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು. ಬಿಡಿಸಿಕೊಂಡು ಬರುವಷ್ಟರಲ್ಲಿ ಸಾಕಾಯಿತು.

ಜೂನ್ ಮೊದಲ ವಾರ ಅವಳು ಮತ್ತೆ ಬಂದಳು. ಈ ಸಲ ಅವಳ ಕೈಯಲ್ಲೊಂದು ಅಚ್ಚು ಮಾಡಿದ ಫಾರಂ ಇತ್ತು. ಅದನ್ನು ನೋಡಿದ ಕೂಡಲೇ, ಇವಳು ಬಿಡುವವಳಲ್ಲ, ಮತ್ತೆ ಅದನ್ನೇ ಕೇಳಲು ಬಂದಳು ಎಂದುಕೊಂಡೆ. ಈ ಸಲ ಕೊಟ್ಟೇ ಕೊಡುತ್ತೇನೆ ಎಂದೂ ಅಂದುಕೊಂಡೆ. ಅಂದುಕೊಳ್ಳುವುದಕ್ಕೇನು.

ಅದು ಬೇರೆ ಫಾರಂ. ಮಗಳ ಕಾಲೇಜಿನಲ್ಲಿ ಹೇಳಿದ್ದರಂತೆ, ರೈತರ ಮಕ್ಕಳಿಗೆ ವಿದ್ಯಾರ್ಥಿವೇತನ ಇದೆ, ಆದರೆ ಅದಕ್ಕೆ ಅಪ್ಪ ಅಮ್ಮನ ಹೆಸರಿನಲ್ಲಿ ಜಮೀನಿರಬೇಕು. ಜಮೀನಿಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೂ ಉಂಟು. ಅದಕ್ಕೆ ಯಾರ ಜಮೀನಿನಲ್ಲಿ ಕೂಲಿ ಮಾಡುತ್ತಾರೋ ಆ ರೈತರು ದೃಢೀಕರಿಸಿ ಸಹಿ ಹಾಕಬೇಕು.

"ಅವತ್ತು ಮೇಡಂ ಮುಂದೆ ನೀವೇ ಅಂದ್ರಲ್ಲಮ್ಮ, ಕೂಲಿಯವಳು ಅಂತ" ಎಂದಳು. ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನು ಸಿಟ್ಟು ಮಾಡಿಕೊಂಡು ಬಚಾವಾಗುತ್ತಿದ್ದೆ. "ಅದ್ನೇ ಇದ್ರಲ್ಲಿ ಬರ್ಕೊಡಿ. ನಿಮ್ಗೇನೂ ತೊಂದ್ರೆ ಆಗಕಿಲ್ಲ."

ನನಗೇನೂ ತೊಂದರೆಯಾಗುವುದಿಲ್ಲವೆಂದು ಅವಳು ವಿಚಾರಿಸಿಕೊಂಡೇ ಬಂದಿದ್ದಳು. ಯಾವ ಕಾಗದಕ್ಕೆ ನಾನು ಹೆದರುತ್ತೇನೆ, ಯಾವುದಕ್ಕೆ ಹೆದರುವುದಿಲ್ಲ ಎಂಬುದು ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತೆಂದು ಕಾಣುತ್ತದೆ.

ಕುರ್ಚಿಯ ಮೇಲೆ ಕೂರಿಸಿದೆ. ಈ ಸಲ ಕೂತಳು. ಮೇಜಿನ ಈಚೆ ಕೂತು ನಾನು ತುಂಬಿಸತೊಡಗಿದೆ. ಯಜಮಾನರ ಹೆಸರು, ಸರ್ವೆ ನಂಬರು, ಜಮೀನಿನ ವಿಸ್ತೀರ್ಣ. ಎಷ್ಟು ವರ್ಷಗಳಿಂದ ಕೂಲಿ ಮಾಡುತ್ತಿದ್ದಾರೆ ಎಂಬಲ್ಲಿ ಆರು ಎಂದು ಬರೆದೆ. ಅದರ ಕೆಳಗೆ, ದಿನವೊಂದಕ್ಕೆ ಕೊಡುವ ಕೂಲಿ ಎಷ್ಟು ಎಂದು ಇತ್ತು.

ಪೆನ್ನು ನಿಂತಿತು. ಆರು ವರ್ಷದಲ್ಲಿ ನಾನು ಅವಳಿಗೆ ಒಂದು ದಿನದ ಕೂಲಿಯನ್ನೂ ಕೊಟ್ಟವಳಲ್ಲ. ನನಗೆ ವರ್ಷ ವರ್ಷ ದುಡ್ಡು ತಂದು ಕೊಟ್ಟವಳು ಅವಳು.

"ಎಷ್ಟು ಬರೀಲಿ?" ಎಂದು ಕೇಳಿದೆ.

ಅವಳು ಸ್ವಲ್ಪ ಯೋಚಿಸಿ, ಊರಿನಲ್ಲಿ ಹೆಣ್ಣಾಳಿಗೆ ಕೊಡುವಷ್ಟು ಹೇಳಿದಳು. ಜಾಸ್ತಿ ಹೇಳಿದರೆ ಮಗಳಿಗೆ ಸಿಗದೆ ಹೋಗಬಹುದು ಎಂದು ಅದರಲ್ಲೂ ಸ್ವಲ್ಪ ಕಮ್ಮಿ ಮಾಡಿದಳು. ಬರೆದೆ. ಸಹಿ ಹಾಕಿದೆ, ಪಕ್ಕದಲ್ಲಿ ರೈತ ಮಹಿಳೆ ಎಂದು ಬರೆಯಬೇಕಂತೆ ಎಂದಳು, ಅದನ್ನೂ ಬರೆದೆ. ಅವಳು ಫಾರಂ ಈಸಿಕೊಂಡು, ಶಾಯಿ ಒಣಗಲೆಂದು ಒಂದಿಷ್ಟು ಹೊತ್ತು ಗಾಳಿಗೆ ಹಿಡಿದು, ಬಹಳ ಉಪಕಾರ ಆಯ್ತಮ್ಮ ಎಂದಳು. ಇರಲಿ ಬಿಡು ಎಂದೆ.